ಮನೆಯಲ್ಲಿ ಇಳಿಸಿದ ಸಾರಾಯಿಯಲ್ಲಿ ಸೇರುವ ವಿಷಗಳು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಗಳ ಹಿಡುವಳಿದಾರರಿಗೂ ಗ್ರಾಮಗಳ ಮುಖ್ಯಸ್ಥರಿಗೂ ಮಾಡಿದ ಉಪನ್ಯಾಸ)



ವ್ಯವಸಾಯದ ವಿಷಯಗಳಿಗಾಗಿ ಕೂಡಿದ ಸಭೆಯಲ್ಲಿ ಸಾರಾಯಿಯ ಮಾತನ್ನೆತ್ತುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಸ್ವಲ್ಪ ಆಲೋಚಿಸಿದರೆ ಹಾಗಲ್ಲವೆಂಬುದು ತಾನಾಗಿಯೇ ತಿಳಿಯುವುದು. ಕಳ್ಳಬಟ್ಟಿಗೆ ಬೇಕಾದ ಬೆಲ್ಲವು ಆಲೆಮನೆಯಿಂದ ಬರತಕ್ಕದ್ದು. ಆ ಬೆಲ್ಲವನ್ನು ಕೊಳೆಹಾಕುವ ಪೀಪಾಯಿಯು ಅನೇಕ ವೇಳೆ ತೋಟಕ್ಕೆ ಔಷಧಿ ತಂದ ಪೀಪಾಯಿಯೇ ಆಗಿರುವುದು. ಭಟ್ಟಿ ಇಳಿಸುವ ಸ್ಥಳವು ಊರಾಚೆಯ ಹಳ್ಳವೋ ಕಾವಲಿನ ಮರೆಯೋ ಯಾರದೋ ಪಂಪುಸೆಟ್ಟಿನ ಮನೆಯೋ ಆಗಿರುವುದು. ಕುಡಿದು ಕಣ್ಣು ಕಳೆದುಕೊಳ್ಳುವವನಾದರೋ ಹೊಲದಲ್ಲಿ ದುಡಿಯುವ ಆಳು, ಇಲ್ಲವೇ ಹಿಡುವಳಿದಾರನ ಸ್ವಂತ ಮಗ. ಹೀಗಿರುವಲ್ಲಿ ಇದು ಬೇಸಾಯಗಾರನಿಗೆ ಸಂಬಂಧಪಡದ ವಿಷಯವೆಂದು ಹೇಳಲಾಗದು.

ಮದ್ಯಪಾನದಿಂದ ಸಂಸಾರಗಳು ಕೆಡುವ ವಿಚಾರವು ಎಲ್ಲರಿಗೂ ತಿಳಿದದ್ದೇ. ಅದನ್ನು ಇಲ್ಲಿ ವಿಸ್ತರಿಸುವ ಉದ್ದೇಶವಿಲ್ಲ. ಲೈಸೆನ್ಸಿಲ್ಲದೆ ಸಾರಾಯಿ ಇಳಿಸುವುದು ೧೯೬೫ನೆಯ ಇಸವಿಯ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧವೆಂಬುದೂ, ೨೦೦೭ನೆಯ ಇಸವಿ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿಯ ಮಾರಾಟವೇ ನಿಂತಿತೆಂಬುದೂ ತಿಳಿದದ್ದೇ. ಈ ಉಪನ್ಯಾಸದ ವಿಷಯ ಬೇರೆ. ಸಾರಾಯಿಯ ಸ್ವಂತ ದೋಷವನ್ನು ಬಿಟ್ಟು, ಅದರಲ್ಲಿ ಹೊರಗಿನಿಂದ ಬಂದು ಸೇರತಕ್ಕ ವಿಷಗಳು ಯಾವುವು, ಅವು ಹೇಗೆ ಸೇರುವುವು, ದೇಹದಲ್ಲಿ ಏನು ಮಾಡುವುವು, ಅಂಥ ಸಂದರ್ಭದಲ್ಲಿ ಗ್ರಾಮದ ಹಿರಿಯರು ಮಾಡಬೇಕಾದದ್ದೇನು ಎಂಬಿಷ್ಟನ್ನು ಮಾತ್ರ ಇಲ್ಲಿ ಹೇಳಲಾಗುವುದು.

ಕೊಳೆಯುವುದು ಮತ್ತು ಇಳಿಸುವುದು

ಬೆಲ್ಲದ ನೀರನ್ನು ಕೆಲವು ದಿವಸ ಮುಚ್ಚಿಟ್ಟರೆ ಅದರಲ್ಲಿ ಕಣ್ಣಿಗೆ ಕಾಣದ ಯೀಸ್ಟ್ ಎಂಬ ಜೀವಾಣುಗಳು ಬೆಳೆದು ಸಕ್ಕರೆಯನ್ನು ಮದ್ಯಸಾರವಾಗಿಯೂ ಗಾಳಿಯಾಗಿಯೂ ಮಾರ್ಪಡಿಸುವುವು. ನೊರೆಯೇಳುವುದು ಆ ಗಾಳಿಯಿಂದ. ಇದರ ಸಂಗಡ ಬೇರೆ ಜೀವಾಣುಗಳೂ ಸೇರಿ ಹುಳಿಯನ್ನುಂಟುಮಾಡುವುವು. ಹೀಗೆ ಹುಳಿತ ನೀರನ್ನು ಕಾಯಿಸಿದರೆ, ಮದ್ಯಸಾರವು ಸುಮಾರು ೭೮ ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಕುದಿಯುವ ವಸ್ತುವಾದುದರಿಂದ, ನೀರಿಗಿಂತ ಮೊದಲು ಹಬೆಯಾಗಿ ಮೇಲೇಳುವುದು. ಆ ಹಬೆಯನ್ನು ಕೊಳವೆಯಲ್ಲಿ ತಣಿಸಿದರೆ ಸಾರಾಯಿ ಇಳಿಯುವುದು. ಹಿಂದೆ ಮೈಸೂರು ಸೀಮೆಯಲ್ಲಿ ಬೆಲ್ಲದ ನೀರಿಗೆ ಬಿಳಿಜಾಲಿಯ ತೊಗಟೆಯನ್ನು ಹಾಕುವ ರೂಢಿಯಿತ್ತು. ಆ ಮರದ ಪಟ್ಟೆಯಿಂದಲೇ ಪಟ್ಟೆ ಸಾರಾಯಿ ಎಂಬ ಮಾತು ಬಂದಿತು.

ಇಲ್ಲಿ ಒಂದು ಮಾತನ್ನು ಗಮನದಲ್ಲಿಡಬೇಕು. ಕಾಯಿಸಿ ಹಬೆಯಾಗಿ ಬಂದದ್ದು ಶುದ್ಧವೇ ಆಗಿರಬೇಕು, ಕೊಳಕೆಲ್ಲ ತಳದಲ್ಲಿ ಉಳಿಯುವುದು ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಈ ನಂಬಿಕೆ ಮೂರು ಕಾರಣಗಳಿಂದ ತಪ್ಪು. ಕೆಲವು ವಿಷಗಳು ಮದ್ಯಸಾರದಂತೆಯೇ ಹಬೆಯಾಗಿ ಬರುವುವು. ಕೆಲವು, ನೊರೆಯು ಉಕ್ಕಿ ಕೊಳವೆಯೊಳಕ್ಕೆ ನುಗ್ಗಿದಾಗ ಅದರೊಡನೆ ಬರುವುವು. ಮತ್ತೆ ಕೆಲವು, ಹಬೆಯು ತಣಿದು ದ್ರವವಾದ ಮೇಲೆ ಕೊಳವೆಯಿಂದಲೇ ಕರಗಿ ಸೇರುವುವು. ಮೊದಲನೆಯ ಬಗೆಯದೇ ಎಲ್ಲಕ್ಕಿಂತ ಭಯಂಕರವಾದದ್ದು. ಅದರ ಹೆಸರು ಮೆಥನಾಲ್, ಅಥವಾ ಮೀಥೈಲ್ ಆಲ್ಕೊಹಾಲ್.

ಮೆಥನಾಲ್

ಸಾರಾಯಿಯಲ್ಲಿ ಅಮಲನ್ನುಂಟುಮಾಡುವ ವಸ್ತು ಎಥನಾಲ್. ಮೆಥನಾಲ್ ಅದರ ದಾಯಾದಿ. ಎರಡೂ ನೋಡಲು ನೀರಿನಂತೆ ತಿಳಿಯಾಗಿರುವುವು. ವಾಸನೆಯೂ ರುಚಿಯೂ ಬಹಳ ಮಟ್ಟಿಗೆ ಒಂದೇ. ಹಣ್ಣಿನ ಸಿಪ್ಪೆ ತಿರುಳುಗಳಲ್ಲಿ ಪೆಕ್ಟಿನ್ ಎಂಬ ಅಂಟಿರುವುದರಿಂದ ಹಣ್ಣುಗಳನ್ನು ಕೊಳೆಸಿ ಇಳಿಸಿದಾಗ ಅಲ್ಪ ಪ್ರಮಾಣದಲ್ಲಿ ಮೆಥನಾಲ್ ಹುಟ್ಟುವುದು. ಬೆಲ್ಲದಿಂದಾಗಲಿ ಧಾನ್ಯದಿಂದಾಗಲಿ ಹುಟ್ಟುವುದು ಅತ್ಯಲ್ಪ. ಆದುದರಿಂದ ಬೆಲ್ಲವೊಂದೇ ಕೊಳೆತು ನೂರಾರು ಜನರನ್ನು ಕೊಂದಿತೆಂಬುದು ಸರಿಯಲ್ಲ. ಅಷ್ಟು ದೊಡ್ಡ ಅನಾಹುತಗಳಿಗೆಲ್ಲ ಕಾರಣ, ಮಾರುವವನು ಲಾಭದ ಆಸೆಯಿಂದ ಕಾರ್ಖಾನೆಯ ಸ್ಪಿರಿಟನ್ನು ತಂದು ಬೆರಸಿದ್ದು. ಬಣ್ಣ, ವಾರ್ನಿಷು, ತಿನ್ನರು, ಅಂಟು ಮುಂತಾದುವುಗಳ ತಯಾರಿಕೆಗೆ ಮೆಥನಾಲ್ ಬೇಕಾಗಿರುವುದರಿಂದ ಅದು ಪೀಪಾಯಿಗಳಲ್ಲಿ ಊರಿಂದೂರಿಗೆ ಸಾಗುತ್ತಿರುವುದು. ದಾರಿಯಲ್ಲಿ ಕದ್ದು ಮಾರಿದವನಿಗೆ ಅದೇನೆಂದು ತಿಳಿದಿರುವುದಿಲ್ಲ, ಕೊಂಡವನಿಗೆ ಮೊದಲೇ ತಿಳಿದಿರುವುದಿಲ್ಲ. ನೀರು ಬೆರಸಿದರೆ ಒಂದು ಪೀಪಾಯಿ ಮೂರು ಪೀಪಾಯಿಯಾಗುವುದೆಂಬ ಲೆಕ್ಕ ಮಾತ್ರ ಇಬ್ಬರಿಗೂ ತಿಳಿದಿರುವುದು.

ಇದರ ಫಲವನ್ನು ಕನ್ನಡನಾಡು ಎರಡು ಸಲ ಕಂಡಿದೆ. ೧೯೮೧ನೆಯ ಇಸವಿ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಅಗ್ಗದ ಸಾರಾಯಿಯನ್ನು ಕುಡಿದು ೩೦೦ಕ್ಕೂ ಹೆಚ್ಚು ಮಂದಿ ಸತ್ತರು. ೨೦೦೮ನೆಯ ಇಸವಿ ಮೇ ತಿಂಗಳಿನಲ್ಲಿ, ಎಂದರೆ ಸಾರಾಯಿಯ ಅಂಗಡಿಗಳು ಮುಚ್ಚಿ ಒಂದು ವರ್ಷವೂ ತುಂಬುವುದಕ್ಕೆ ಮೊದಲೇ, ಬೆಂಗಳೂರು ಮತ್ತು ಕೋಲಾರದ ಕಡೆಗಳಲ್ಲಿಯೂ ಎಲ್ಲೆಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿಯೂ ಸೇರಿ ೧೫೦ಕ್ಕೂ ಹೆಚ್ಚು ಮಂದಿ ಅದೇ ಬಗೆಯಲ್ಲಿ ಸತ್ತರು. ೨೦೧೯ರಲ್ಲಿ ಅಸ್ಸಾಮಿನ ಚಹಾ ತೋಟಗಳ ಕೂಲಿಗಾರರೂ, ೨೦೨೪ನೆಯ ಇಸವಿ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚ್ಚಿಯಲ್ಲಿ ೬೦ಕ್ಕೂ ಹೆಚ್ಚು ಮಂದಿಯೂ ಇದೇ ರೀತಿಯಲ್ಲಿ ಪ್ರಾಣಬಿಟ್ಟರು. ಇಂಥದು ಪಟ್ಟಣಗಳಲ್ಲಿ ಮಾತ್ರ ನಡೆಯುವುದೆಂದು ಕಡೂರು ಸೀಮೆಯವರು ನಿಶ್ಚಿಂತರಾಗಿರಕೂಡದು. ಕಡೂರು, ಬೀರೂರು, ಅಜ್ಜಂಪುರ ಇವು ಬೆಂಗಳೂರು ಹುಬ್ಬಳ್ಳಿ ರೈಲುದಾರಿಯ ಮೇಲಿರುವ ಊರುಗಳು. ತರೀಕೆರೆಯು ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯ ಮೇಲಿರುವುದು. ಕೊಬ್ಬರಿಯೂ ಈರುಳ್ಳಿಯೂ ಅಡಕೆಯೂ ಹೊರಕ್ಕೆ ಹೋಗುವ ದಾರಿಯಲ್ಲೇ ಪೀಪಾಯಿಯೂ ಒಳಕ್ಕೆ ಬರಬಲ್ಲದು.

ಮೆಥನಾಲ್ ದೇಹದಲ್ಲಿ ಮಾಡುವ ಕೆಲಸವನ್ನು ಗ್ರಾಮದ ಹಿರಿಯರು ಚೆನ್ನಾಗಿ ತಿಳಿದಿರುವುದು ಅವಶ್ಯ. ಅದು ಹೊಟ್ಟೆಗೆ ಹೋದ ಕೂಡಲೇ ಕೊಲ್ಲುವ ವಿಷವಲ್ಲ. ಮೊದಲು ಸಾಮಾನ್ಯ ಸಾರಾಯಿಯಂತೆಯೇ ಅಮಲು ತರುವುದು. ಅನಂತರ ಯಕೃತ್ತಿನಲ್ಲಿ ಅದು ಮೆಲ್ಲಮೆಲ್ಲನೆ ಫಾರ್ಮಾಲ್ಡಿಹೈಡ್ ಆಗಿಯೂ ಬಳಿಕ ಫಾರ್ಮಿಕ್ ಆಮ್ಲವಾಗಿಯೂ ಮಾರ್ಪಡುವುದು. ಮಲೆನಾಡಿನ ತೋಟಗಳಲ್ಲಿ ಚಗಳಿ ಇರುವೆ ಕಚ್ಚಿದಾಗ ಉರಿಯುಂಟಾಗುವುದು ಈ ಆಮ್ಲದಿಂದಲೇ. ಈ ಆಮ್ಲವು ರಕ್ತದಲ್ಲಿ ಕೂಡಿಕೊಂಡು ದೃಷ್ಟಿಯ ನರವನ್ನು ಕೆಡಿಸುವುದು, ಉಸಿರನ್ನು ಕೆಡಿಸುವುದು, ಕೊನೆಗೆ ಮಿದುಳನ್ನೂ ಹೃದಯವನ್ನೂ ನಿಲ್ಲಿಸುವುದು. ಶುದ್ಧ ಮೆಥನಾಲ್ ೧೦ ಮಿಲಿಲೀಟರಿನಷ್ಟು, ಎಂದರೆ ಎರಡು ಸಣ್ಣ ಚಮಚದಷ್ಟು, ಕಣ್ಣನ್ನು ತೆಗೆಯಲು ಸಾಕಾಗಬಹುದು. ೩೦ ಮಿಲಿಲೀಟರಿನಷ್ಟು ಪ್ರಾಣವನ್ನೇ ತೆಗೆಯಬಹುದು.

ಈ ಮಾರ್ಪಾಡಿಗೆ ಕಾಲ ಹಿಡಿಯುವುದು. ಕುಡಿದವನು ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಕೆಲಸಕ್ಕೂ ಹೋಗಬಹುದು. ಸಾಧಾರಣವಾಗಿ ೧೨ರಿಂದ ೨೪ ಗಂಟೆಗಳು ಕಳೆದ ಮೇಲೆ ರೋಗ ತಲೆದೋರುವುದು. ಮೆಥನಾಲಿನೊಡನೆ ಸಾಮಾನ್ಯ ಮದ್ಯಸಾರವೂ ಬೆರೆತಿದ್ದರೆ ಇನ್ನೂ ತಡವಾಗಬಹುದು. ತಲೆನೋವು, ವಾಂತಿ, ಹೊಟ್ಟೆಯಲ್ಲಿ ಕಡುನೋವು ಇವು ಮೊದಲಿನ ಚಿಹ್ನೆಗಳು. ಇವನ್ನು ನೋಡಿ ಮನೆಯವರು ನಿನ್ನೆಯ ಅಮಲು ಇಳಿದಿಲ್ಲವೆಂದು ಮಜ್ಜಿಗೆ ನಿಂಬೆಹುಳಿ ಕೊಟ್ಟು ಮಲಗಿಸುವರು. ಆಮೇಲೆ ಕಣ್ಣಮುಂದೆ ಮಂಜು ಕವಿದಂತಾಗುವುದು, ಬೆಳಕನ್ನು ಸಹಿಸಲಾಗದು, ಹಗಲಿನಲ್ಲಿಯೇ ದೀಪ ಹಚ್ಚಿರೆಂದು ರೋಗಿ ಕೇಳಬಹುದು. ಉಸಿರು ಆಳವಾಗಿಯೂ ವೇಗವಾಗಿಯೂ ಆಡುವುದು. ಆ ಮೇಲೆ ಸೆಳವು, ಪ್ರಜ್ಞಾಹೀನತೆ. ಅಮಲು ಕಾಲ ಕಳೆದಂತೆ ಇಳಿಯತಕ್ಕದ್ದು, ಈ ವಿಷವು ಕಾಲ ಕಳೆದಂತೆ ಏರತಕ್ಕದ್ದು. ಇವೆರಡಕ್ಕೂ ಇರುವ ಭೇದವನ್ನು ಗುರುತಿಸಲು ಇದೊಂದೇ ಮಾತು ಸಾಕು.

ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆಯುಂಟು. ಮೆಥನಾಲ್ ಆಮ್ಲವಾಗಿ ಮಾರ್ಪಡುವುದನ್ನು ತಡೆಯುವ ಔಷಧವನ್ನು ಕೊಡುವರು, ರಕ್ತದ ಹುಳಿಯನ್ನು ಕ್ಷಾರದಿಂದ ಕಡಮೆಮಾಡುವರು, ಡಯಾಲಿಸಿಸ್ ಯಂತ್ರದಿಂದ ರಕ್ತವನ್ನು ತೊಳೆಯುವರು. ಆಮ್ಲವು ಹೆಚ್ಚುವುದಕ್ಕೆ ಮೊದಲೇ ಬಂದವನ ಕಣ್ಣೂ ಪ್ರಾಣವೂ ಉಳಿಯುವ ಸಂಭವ ಹೆಚ್ಚು. ತಡವಾಗಿ ಬಂದವನು ಬದುಕಿದರೂ ಕುರುಡನಾಗಿ ಬದುಕಬೇಕಾಗಬಹುದು. ವೈದ್ಯರು ಕೆಲವು ವೇಳೆ ಇದಕ್ಕೆ ಶುದ್ಧ ಎಥನಾಲನ್ನೇ ಅಳತೆಯಿಂದ ಕೊಡುವುದುಂಟು. ಅದನ್ನು ಕೇಳಿದವರು ಮನೆಯಲ್ಲಿ ಮತ್ತಷ್ಟು ಕುಡಿಸಿದರೆ ಗುಣವಾಗುವುದೆಂದು ತಿಳಿಯಕೂಡದು. ಅದು ರಕ್ತಪರೀಕ್ಷೆಯನ್ನು ಎದುರಿಗಿಟ್ಟುಕೊಂಡು ಮಾಡತಕ್ಕ ಕೆಲಸ. ಮನೆಯಲ್ಲಿ ಮಾಡಿದರೆ ಹೊತ್ತು ಹೋಗುವುದು, ಒಂದು ವಿಷದ ಮೇಲೆ ಇನ್ನೊಂದು ವಿಷ ಸೇರುವುದು.

ಸುಳ್ಳು ಪರೀಕ್ಷೆಗಳು

ಕುಡಿಯುವವರಲ್ಲಿ ಕೆಲವು ಪರೀಕ್ಷೆಗಳು ರೂಢಿಯಲ್ಲಿವೆ. ಬೆಂಕಿ ಹಚ್ಚಿದಾಗ ನೀಲಿಯಾಗಿ ಉರಿದರೆ ಒಳ್ಳೆಯ ಸರಕೆಂದು ಹೇಳುವರು. ಮೆಥನಾಲ್ ಕೂಡ ಮಂಕಾದ ನೀಲಿ ಉರಿಯಿಂದಲೇ ಚೆನ್ನಾಗಿ ಉರಿಯುವುದು. ಆದಕಾರಣ ಈ ಪರೀಕ್ಷೆಯಲ್ಲಿ ಅತ್ಯಂತ ವಿಷಕರವಾದ ಸರಕೂ ತೇರ್ಗಡೆಯಾಗುವುದು. ಕುಲುಕಿದಾಗ ಗುಳ್ಳೆಗಳು ನಿಲ್ಲುವ ಬಗೆಯನ್ನು ನೋಡಿ ತೀರ್ಮಾನಿಸುವವರಿದ್ದಾರೆ. ಅದರಿಂದ ಮದ್ಯಸಾರದ ತೀಕ್ಷ್ಣತೆಯನ್ನು ಊಹಿಸಬಹುದೇ ಹೊರತು ವಿಷವನ್ನಲ್ಲ. ಮೊದಲು ಇಳಿದ ಒಂದು ಪಾವನ್ನು ಚೆಲ್ಲಿದರೆ ದೋಷವೆಲ್ಲ ಹೋಗುವುದೆಂದು ಇನ್ನು ಕೆಲವರು ಹೇಳುವರು. ಮೆಥನಾಲ್ ಸುಮಾರು ೬೫ ಡಿಗ್ರಿಯಲ್ಲಿ ಕುದಿಯುವುದೇನೋ ನಿಜ. ಆದರೆ ನೀರು ಮದ್ಯಸಾರಗಳೊಡನೆ ಬೆರೆತಿರುವಾಗ ಅದು ಒಂದೇ ಸಲ ಮೊದಲಿಗೆ ಬಂದು ಮುಗಿಯುವುದಿಲ್ಲ. ಮೊದಲಿನಿಂದ ಕೊನೆಯ ವರೆಗೂ ಸ್ವಲ್ಪ ಸ್ವಲ್ಪವಾಗಿ ಬರುತ್ತಲೇ ಇರುವುದು. ಮೇಲಾಗಿ, ಇಳಿಸಿ ಮುಗಿದ ಮೇಲೆ ಪೀಪಾಯಿಯಿಂದ ಸುರಿದ ಸ್ಪಿರಿಟಿಗೆ ಮೊದಲ ಪಾವನ್ನು ಚೆಲ್ಲುವುದರಿಂದ ಆಗುವುದೇನು? ಇನ್ನೊಬ್ಬನು ಕುಡಿದು ಚೆನ್ನಾಗಿದ್ದಾನೆಂಬುದು ಕೊನೆಯ ಪರೀಕ್ಷೆ. ರೋಗ ತಲೆದೋರಲು ಒಂದು ಹಗಲು ಬೇಕಾಗಿರುವಾಗ ಆ ಇನ್ನೊಬ್ಬನು ಸಂಜೆಯ ಹೊತ್ತಿಗೆ ಚೆನ್ನಾಗಿರುವುದು ಯಾವುದಕ್ಕೂ ಸಾಕ್ಷಿಯಲ್ಲ.

ಪಾತ್ರೆ ಮತ್ತು ಕೊಳವೆಗಳಿಂದ ಬರುವ ವಿಷ

ಹೊರಗಿನ ಸ್ಪಿರಿಟನ್ನು ಮುಟ್ಟದೆ ತಾನೇ ಬೆಲ್ಲದಿಂದ ಇಳಿಸಿಕೊಂಡವನಿಗೆ ಭಯವಿಲ್ಲವೇ ಎಂದು ಕೇಳಬಹುದು. ಅವನಿಗೆ ಬೇರೆ ಭಯವುಂಟು. ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯನ್ನು ಮಾಡಿಡಬಾರದೆಂಬುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತದ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂಬುದನ್ನು ತರೀಕೆರೆಯ ಪ್ರತಿಯೊಬ್ಬ ಅಡಕೆ ತೋಟದವನೂ ಬಲ್ಲನು. ದ್ರವವು ಲೋಹವನ್ನು ತಿನ್ನುವುದೆಂಬ ಈ ತಿಳಿವಳಿಕೆಯೇ ಇಲ್ಲಿಯೂ ಬೇಕಾದದ್ದು. ಕೊಳೆತ ಬೆಲ್ಲದ ನೀರು ಹುಳಿಯಾದದ್ದು. ಅದರಿಂದ ಇಳಿದ ಸಾರಾಯಿಯಲ್ಲಿಯೂ ಹುಳಿಯ ಅಂಶವಿರುವುದು.

ಲೋಹಗಳಲ್ಲಿ ಸೀಸವೇ ಅತ್ಯಂತ ಕೆಟ್ಟದ್ದು. ಹಳೆಯ ಮೋಟಾರುಗಳ ರೇಡಿಯೇಟರಿನಲ್ಲಿಯೂ, ಅಗ್ಗದ ಬೆಸುಗೆಯಿಂದ ಕೂಡಿಸಿದ ಕೊಳವೆಗಳಲ್ಲಿಯೂ, ತವರಕ್ಕೆ ಸೀಸ ಬೆರಸಿ ಮಾಡಿದ ಕಳಪೆ ಕಲಾಯಿಯಲ್ಲಿಯೂ ಸೀಸವಿರುವುದು. ಹಬೆಯು ತಣಿದು ಇಳಿಯುವ ದಾರಿಯಲ್ಲಿಯೇ ಸೀಸವು ಕರಗುವುದರಿಂದ ಕಾಯಿಸುವುದರಿಂದ ಅದನ್ನು ಬೇರ್ಪಡಿಸಿದಂತಾಗುವುದಿಲ್ಲ. ಒಂದು ದಿನದ ಕುಡಿತದಿಂದ ಇದು ತಿಳಿಯಬರುವುದಿಲ್ಲ. ತಿಂಗಳುಗಟ್ಟಲೆ ಎಲುಬಿನಲ್ಲಿ ಕೂಡಿಕೊಂಡು, ಹೊಟ್ಟೆಯಲ್ಲಿ ಹಿಂಡುವ ಶೂಲೆ, ಮಲಬದ್ಧತೆ, ರಕ್ತಹೀನತೆ, ವಸಡಿನಲ್ಲಿ ನೀಲಿ ಗೆರೆ, ಮಣಿಕಟ್ಟು ಜೋತುಬೀಳುವುದು, ಮೂತ್ರಪಿಂಡಗಳು ಕೆಡುವುದು ಮುಂತಾದ ರೂಪಗಳಲ್ಲಿ ಹೊರಬೀಳುವುದು. ಆ ಪಾತ್ರೆಯಲ್ಲಿ ಮನೆಯವರು ಅಡಿಗೆಯನ್ನೂ ಮಾಡಿದರೆ ಮಕ್ಕಳ ಬುದ್ಧಿಯ ಬೆಳವಣಿಗೆಗೂ ಕುಂದು ಬರುವುದು.

ಈ ದೋಷವು ಹೊಸದಾಗಿ ಕಂಡದ್ದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದವರು ೧೭೨೩ನೆಯ ಇಸವಿಯಲ್ಲಿಯೇ ರಮ್ ಇಳಿಸುವ ಭಟ್ಟಿಗಳಲ್ಲಿ ಸೀಸದ ಕೊಳವೆಗಳನ್ನು ಉಪಯೋಗಿಸಕೂಡದೆಂದು ಕಾನೂನು ಮಾಡಿದರು. ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಬೇಸಾಯಗಾರರು ಸೇಬಿನ ರಸವನ್ನು ಹುಳಿಸಿ ಕುಡಿಯುತ್ತಿದ್ದಾಗ ಊರೂರುಗಳಲ್ಲಿ ಹೊಟ್ಟೆಶೂಲೆ ಹರಡಿತ್ತು. ಜಾರ್ಜ್ ಬೇಕರ್ ಎಂಬ ವೈದ್ಯರು ೧೭೬೭ನೆಯ ಇಸವಿಯಲ್ಲಿ ಅದಕ್ಕೆ ಗಾಣದಲ್ಲಿ ಸೇರಿಸಿದ್ದ ಸೀಸವೇ ಕಾರಣವೆಂದು ತೋರಿಸಿಕೊಟ್ಟರು. ಅದುವರೆಗೆ ಅಲ್ಲಿನ ಜನ ಅದನ್ನು ಸೇಬಿನ ಹುಳಿಯ ದೋಷವೆಂದೇ ತಿಳಿದಿದ್ದರು.

ತಾಮ್ರದ ಪಾತ್ರೆಗೆ ಹಿಡಿದ ಹಸಿರು ಕಿಲುಬು ಸಾರಾಯಿಗೆ ಸೇರಿದರೆ ವಾಂತಿಭೇದಿಗಳುಂಟಾಗುವುವು. ಸತುವಿನ ಲೇಪವಿರುವ ತಗಡಿನ ಡಬ್ಬ ಬಕೀಟುಗಳಲ್ಲಿ ಹುಳಿನೀರನ್ನಿಟ್ಟರೆ ಸತುವು ಕರಗಿ ಅದೇ ತೊಂದರೆಯನ್ನುಂಟುಮಾಡುವುದು. ಮಡಕೆಯಲ್ಲಿ ಇಳಿಸುತ್ತಿದ್ದ ಕಾಲಕ್ಕೂ ಹಳೆಯ ಸಾಮಾನಿನ ಅಂಗಡಿಯಿಂದ ತಂದ ತಗಡು ಕೊಳವೆಗಳ ಕಾಲಕ್ಕೂ ಇರುವ ವ್ಯತ್ಯಾಸ ಇದು. ನಮ್ಮ ಹಿರಿಯರು ಕುಡಿದು ಬಾಳಲಿಲ್ಲವೇ ಎನ್ನುವವರು ಈ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಬೇಕೆಂದು ಹಾಕುವ ಪದಾರ್ಥಗಳು

ಬೇಗ ಕೊಳೆಯಲೆಂದೂ, ಖಾರವಾಗಲೆಂದೂ, ಹೆಚ್ಚು ಅಮಲಾಗಲೆಂದೂ ಬೆಲ್ಲದ ನೀರಿಗೆ ಹಾಕುವ ಪದಾರ್ಥಗಳು ಹಲವು. ನವಸಾಗರವು ಅವುಗಳಲ್ಲಿ ಮುಖ್ಯವಾದದ್ದು. ಅದರಿಂದ ಹುಟ್ಟುವ ಅಮೋನಿಯಾ ಹಬೆಯು ತಾಮ್ರ ಹಿತ್ತಾಳೆಗಳನ್ನು ತಿಂದು ಕರಗಿಸುವುದು. ಕೆಲವು ಸಲ ಸಾರಾಯಿಗೆ ನೀಲಿಛಾಯೆ ಬರುವುದಕ್ಕೆ ಇದೇ ಕಾರಣ. ಯೂರಿಯಾ ಗೊಬ್ಬರವನ್ನು ಹಾಕುವವರುಂಟು. ಅದರಿಂದ ಸಾರಾಯಿಯಲ್ಲಿ ಎಥೈಲ್ ಕಾರ್ಬಮೇಟ್ ಎಂಬ, ಪ್ರಾಣಿಗಳಲ್ಲಿ ಅರ್ಬುದ ರೋಗವನ್ನು ಹುಟ್ಟಿಸುವ ವಸ್ತುವು ಹೆಚ್ಚುವುದು. ಬ್ಯಾಟರಿ ಸೆಲ್ಲುಗಳ ಕಪ್ಪು ಪುಡಿಯನ್ನು ಹಾಕುವವರೂ ಉಂಟು. ಅದರಲ್ಲಿ ಸತು, ಮ್ಯಾಂಗನೀಸ್ ಮುಂತಾದ ಲೋಹಗಳ ಲವಣಗಳಿರುವುವು. ಭಟ್ಟಿ ಉಕ್ಕಿದಾಗ ಇವು ನೊರೆಯೊಡನೆ ಕೊಳವೆಗೆ ಸೇರುವುವು. ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್, ಡಯಜೆಪಾಮ್ ಮುಂತಾದ ನಿದ್ರೆಯ ಔಷಧಿಗಳನ್ನು ಬೆರಸುವುದು ನೆರೆಯ ತೆಲಂಗಾಣದ ಸೀಮೆಯಲ್ಲಿ ಕಂಡುಬಂದಿದೆ. ಇದನ್ನು ಅಭ್ಯಾಸ ಮಾಡಿಕೊಂಡವನು ಥಟ್ಟನೆ ಬಿಟ್ಟರೆ ನಡುಕವೂ ಸೆಳವೂ ಭ್ರಮೆಯೂ ಉಂಟಾಗುವುವು. ಆದುದರಿಂದ ಬಹುಕಾಲ ಕುಡಿದವನನ್ನು ಬಿಡಿಸುವಾಗಲೂ ವೈದ್ಯರ ಸಹಾಯವನ್ನು ಪಡೆಯುವುದು ಲೇಸು.

ಬೇಕೆಂದು ಹಾಕದೆಯೇ ಸೇರುವ ವಿಷವೂ ಇದೆ. ಕೀಟನಾಶಕ ತುಂಬಿದ್ದ ಡಬ್ಬವನ್ನು ಎಷ್ಟು ತೊಳೆದರೂ ಒಳಗಿನ ಅಂಶ ಪೂರ್ತಿಯಾಗಿ ಹೋಗುವುದಿಲ್ಲ. ಅಂಥ ಡಬ್ಬದಲ್ಲಿ ಸಾರಾಯಿಯನ್ನು ತುಂಬಿದರೆ, ನೀರಿನಲ್ಲಿ ಕರಗದೆ ಉಳಿದಿದ್ದ ಔಷಧಿಯು ಮದ್ಯಸಾರದಲ್ಲಿ ಕರಗುವುದು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಕಿರಿದಾಗುವುದು, ಮಾಂಸಖಂಡಗಳು ಅದುರುವುದು ಇವು ಆರ್ಗ್ಯಾನೋಫಾಸ್ಫರಸ್ ಜಾತಿಯ ಕೀಟನಾಶಕದ ವಿಷದ ಚಿಹ್ನೆಗಳು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸೀಮೆಯಲ್ಲಿ ೧೯೦೦ನೆಯ ಇಸವಿಯಲ್ಲಿ ಬಿಯರ್ ಕುಡಿದ ಸಾವಿರಾರು ಮಂದಿಗೆ ಕೈಕಾಲುಗಳ ಸ್ವಾಧೀನ ತಪ್ಪಿತು, ಹಲವರು ಸತ್ತರು. ಬಿಯರಿಗೆ ಹಾಕಿದ ಸಕ್ಕರೆಯನ್ನು ತಯಾರಿಸಲು ಉಪಯೋಗಿಸಿದ ಗಂಧಕಾಮ್ಲದಲ್ಲಿ ಪಾಷಾಣವಿದ್ದದ್ದೇ ಕಾರಣವೆಂದು ವಿಚಾರಣೆಯಿಂದ ತಿಳಿದುಬಂದಿತು. ಲೈಸೆನ್ಸು ಪಡೆದ ದೊಡ್ಡ ಕಾರ್ಖಾನೆಗಳಲ್ಲಿಯೇ ಹೀಗಾಗಬಹುದಾದರೆ ಹಳ್ಳದ ಮರೆಯ ಭಟ್ಟಿಯ ವಿಚಾರವಾಗಿ ಹೇಳತಕ್ಕದ್ದೇನು?

ದನಕರುಗಳ ವಿಚಾರವೂ ಒಂದುಂಟು. ಅಜ್ಜಂಪುರವು ಅಮೃತಮಹಲ್ ತಳಿಯಿಂದ ಹೆಸರಾದ ಸ್ಥಳ. ಆ ಸೀಮೆಯಲ್ಲಿ ರಾಸಿನ ಬೆಲೆಯನ್ನು ವಿವರಿಸಬೇಕಾದದ್ದಿಲ್ಲ. ಹಳ್ಳಗಳಲ್ಲಿ ಹೂತಿಟ್ಟ ಬೆಲ್ಲದ ಕೊಳೆಯನ್ನು ಮೇಯಲು ಹೋದ ದನಗಳು ಸಿಹಿವಾಸನೆಗೆ ಕುಡಿದರೆ ಹೊಟ್ಟೆಯಲ್ಲಿ ಹುಳಿಯು ಹೆಚ್ಚಿ ಮೇವು ಬಿಡುವುವು, ತೂರಾಡಿ ಬೀಳುವುವು, ಸಾಯಲೂಬಹುದು. ಕಾರಣವಿಲ್ಲದೆ ರಾಸು ತೂರಾಡಿದರೆ ಪಶುವೈದ್ಯರಿಗೆ ಈ ಸಂಶಯವನ್ನೂ ತಿಳಿಸುವುದು ಒಳ್ಳೆಯದು.

ವಿಷಕ್ಕಿಂತ ಮೊದಲು ಕೊಲ್ಲುವುದು

ಇಷ್ಟು ವಿಷಗಳನ್ನು ಎಣಿಸಿದ ಮೇಲೆ, ಮರಣಗಳಿಗೆ ಮತ್ತೊಂದು ಕಾರಣವನ್ನು ಹೇಳದೆ ಬಿಡಲಾಗದು. ಅದು ಗುಟ್ಟು. ಕುಡಿದವನಿಗೆ ಪೋಲೀಸರ ಭಯ, ಮನೆಯವರಿಗೆ ಮಾನದ ಭಯ, ಮಾರಿದವನಿಗೆ ಸೆರೆಯ ಭಯ, ಊರಿನವರಿಗೆ ಊರಿನ ಹೆಸರು ಕೆಡುವ ಭಯ. ಈ ನಾಲ್ಕು ಭಯಗಳೂ ಸೇರಿ ರೋಗಿಯನ್ನು ಮನೆಯ ಮೂಲೆಯಲ್ಲಿ ಮಲಗಿಸಿಬಿಡುವುವು. ಆಸ್ಪತ್ರೆಗೆ ಕರೆದುಕೊಂಡು ಹೋದರೂ ಹೊಟ್ಟೆನೋವೆಂದೋ ಜ್ವರವೆಂದೋ ಹೇಳಿ ಕುಡಿತವನ್ನು ಮರೆಮಾಚುವರು. ವೈದ್ಯನು ಹೊಟ್ಟೆನೋವಿಗೆ ಔಷಧ ಕೊಟ್ಟು ಕಳುಹಿಸುವನು. ಆಮ್ಲವು ಕಣ್ಣಿಗೂ ಮಿದುಳಿಗೂ ಹತ್ತುವುದು ಇದೇ ಹೊತ್ತಿನಲ್ಲಿ. ಸತ್ತವನ ತಿಥಿಗೆ ಬಂದ ನೆಂಟರು ಅದೇ ಸರಕನ್ನು ಕುಡಿಯುವ ಸಂಭವವೂ ಇಲ್ಲದಿಲ್ಲ, ಏಕೆಂದರೆ ಅವನು ಯಾತರಿಂದ ಸತ್ತನೆಂಬುದನ್ನು ಯಾರೂ ಹೇಳಿರುವುದಿಲ್ಲ.

ಗುಟ್ಟನ್ನು ಬಿಟ್ಟರೆ ಎಷ್ಟು ಪ್ರಯೋಜನವಾಗುವುದೆಂಬುದಕ್ಕೆ ಯೂರೋಪಿನ ಝೆಕ್ ದೇಶವನ್ನು ನೋಡಬಹುದು. ೨೦೧೨ನೆಯ ಇಸವಿ ಸೆಪ್ಟೆಂಬರಿನಲ್ಲಿ ಅಲ್ಲಿ ಮೆಥನಾಲ್ ಬೆರೆತ ಮದ್ಯದಿಂದ ಜನ ಸಾಯತೊಡಗಿದಾಗ ಸರ್ಕಾರದವರು ಕೆಲವೇ ದಿನಗಳಲ್ಲಿ ವಿಷಯವನ್ನು ದೇಶಕ್ಕೆಲ್ಲ ಸಾರಿ, ಶೇಕಡ ೨೦ಕ್ಕಿಂತ ತೀಕ್ಷ್ಣವಾದ ಮದ್ಯದ ಮಾರಾಟವನ್ನೇ ಕೆಲವು ಕಾಲ ನಿಲ್ಲಿಸಿದರು. ಸತ್ತವರು ೪೦ಕ್ಕೂ ಹೆಚ್ಚು ಮಂದಿಯಾದರೂ ಎಚ್ಚರಿಕೆಯನ್ನು ಕೇಳಿ ಬಾಟಲಿಯನ್ನು ಚೆಲ್ಲಿದವರು, ತಾವಾಗಿ ಆಸ್ಪತ್ರೆಗೆ ಬಂದವರು ಉಳಿದುಕೊಂಡರು. ಒಂದು ದೇಶದಲ್ಲಿ ಸರ್ಕಾರ ಮಾಡಿದ ಈ ಕೆಲಸವನ್ನು ಒಂದು ಗ್ರಾಮದಲ್ಲಿ ಅದರ ಹಿರಿಯರು ಮಾಡಬೇಕಾಗಿದೆ. ಪಟೇಲಿಕೆ ಶಾನುಭೋಗಿಕೆಗಳು ೧೯೬೧ನೆಯ ಇಸವಿಯ ಕಾಯಿದೆಯಿಂದ ರದ್ದಾದುವು. ಆದರೂ ನಡುರಾತ್ರಿಯಲ್ಲಿ ಯಾರ ಮಾತಿಗೆ ಹತ್ತು ಮನೆಗಳ ಬಾಗಿಲು ತೆರೆಯುವುದೋ ಅಂಥವರು ಪ್ರತಿಯೊಂದು ಊರಿನಲ್ಲಿಯೂ ಇದ್ದೇ ಇದ್ದಾರೆ. ಈ ಕೆಳಗಿನ ಕ್ರಮಗಳು ಅಂಥವರಿಗಾಗಿ ಹೇಳಿದವು.

೧. ಕುಡಿದ ಮರುದಿನ ಯಾವನಿಗಾದರೂ ವಾಂತಿ, ಹೊಟ್ಟೆನೋವು ಹೆಚ್ಚುತ್ತ ಹೋದರೆ, ಅಥವಾ ಕಣ್ಣು ಮಂಜಾಯಿತೆಂದರೆ, ಕಾಯದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ಬಂಡಿ ಬರುವುದು ತಡವಾದರೆ ಊರಿನಲ್ಲಿ ಸಿಕ್ಕಿದ ವಾಹನದಲ್ಲಿಯೇ ಹೊರಡತಕ್ಕದ್ದು.

೨. ಆಸ್ಪತ್ರೆಯಲ್ಲಿ ಮೊದಲನೆಯ ಮಾತಾಗಿ, ಇವನು ಕಳ್ಳಬಟ್ಟಿ ಕುಡಿದಿದ್ದಾನೆ, ಇಷ್ಟು ಹೊತ್ತಿಗೆ ಕುಡಿದನು, ಇಷ್ಟು ಕುಡಿದನು ಎಂದು ಸ್ಪಷ್ಟವಾಗಿ ಹೇಳತಕ್ಕದ್ದು. ಡಯಾಲಿಸಿಸ್ ಸೌಕರ್ಯವಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೇ ಎಂಬುದನ್ನು ವೈದ್ಯರು ಅದರ ಮೇಲೆ ನಿಶ್ಚಯಿಸುವರು. ಆಸ್ಪತ್ರೆಯವರು ಪೋಲೀಸರಿಗೆ ವರ್ತಮಾನ ಕೊಡುವುದು ನಿಯಮವೇ. ಆದರೆ ಚಿಕಿತ್ಸೆಯು ಅದಕ್ಕಾಗಿ ಕಾಯತಕ್ಕದ್ದಲ್ಲ.

೩. ಉಳಿದ ಸಾರಾಯಿಯನ್ನು ಬಾಟಲಿಯೊಡನೆ ರೋಗಿಯ ಸಂಗಡವೇ ಕಳುಹಿಸತಕ್ಕದ್ದು. ಸಾಕ್ಷ್ಯವೆಂದು ಹೆದರಿ ಚೆಲ್ಲಕೂಡದು. ಯಾವ ವಿಷವೆಂಬುದು ಪರೀಕ್ಷೆಯಿಂದ ತಿಳಿದರೆ ಉಳಿದವರ ಚಿಕಿತ್ಸೆಗೂ ದಾರಿಯಾಗುವುದು.

೪. ಪ್ರಜ್ಞೆ ತಪ್ಪಿದವನನ್ನು ಒಂದು ಮಗ್ಗುಲಿಗೆ ಮಲಗಿಸತಕ್ಕದ್ದು. ಬಲವಂತವಾಗಿ ವಾಂತಿ ಮಾಡಿಸುವುದು, ಹುಣಿಸೆನೀರು, ಮಜ್ಜಿಗೆ, ಉಪ್ಪುನೀರು ಕುಡಿಸುವುದು ಕೂಡದು. ಅದು ಉಸಿರಿನ ದಾರಿಗೆ ಹೋಗಿ ಅಪಾಯವಾಗುವುದು.

೫. ಅದೇ ಪೀಪಾಯಿಯಿಂದ, ಅದೇ ಮನೆಯಿಂದ ಕುಡಿದವರೆಲ್ಲರನ್ನೂ ಅದೇ ಘಳಿಗೆಯಲ್ಲಿ ಮನೆಮನೆಗೆ ಹೋಗಿ ಹುಡುಕಿ, ಚೆನ್ನಾಗಿದ್ದೇನೆಂದು ಹೇಳಿದರೂ ಕೇಳದೆ, ಆಸ್ಪತ್ರೆಗೆ ಕಳುಹಿಸತಕ್ಕದ್ದು. ಇದು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಮೊದಲನೆಯವನನ್ನು ಉಳಿಸಲಾಗದೆ ಹೋದರೂ ಇದರಿಂದ ಉಳಿದವರನ್ನು ಉಳಿಸಬಹುದು.

೬. ಕೀಟನಾಶಕದ ಖಾಲಿ ಡಬ್ಬಗಳನ್ನು ಮಾರದೆ, ಯಾರಿಗೂ ಕೊಡದೆ, ತೂತುಮಾಡಿ ಬಳಕೆಗೆ ಬಾರದಂತೆ ಮಾಡತಕ್ಕದ್ದು. ತಿನ್ನರು, ಸ್ಪಿರಿಟು ಮುಂತಾದುವನ್ನು ಕುಡಿಯುವ ಬಾಟಲಿಗಳಲ್ಲಿ ತುಂಬಿಡಕೂಡದು. ಹೊಲದಲ್ಲಿ, ಪಂಪುಸೆಟ್ಟಿನ ಮನೆಯಲ್ಲಿ ಭಟ್ಟಿ ನಡೆಯಲು ಹಿಡುವಳಿದಾರನು ಅವಕಾಶ ಕೊಡಕೂಡದು, ಕೂಲಿಯ ಬದಲು ಸಾರಾಯಿಯನ್ನು ಕೊಡಿಸುವ ರೂಢಿಯಿದ್ದರೆ ಅದನ್ನು ಬಿಡತಕ್ಕದ್ದು.

ಈ ಆರು ಕ್ರಮಗಳಲ್ಲಿ ಯಾವುದಕ್ಕೂ ಹಣವಾಗಲಿ ಪಾಂಡಿತ್ಯವಾಗಲಿ ಬೇಕಾದದ್ದಿಲ್ಲ. ಐದನೆಯದಕ್ಕೆ ಮಾತ್ರ ಧೈರ್ಯ ಬೇಕು. ತಪ್ಪು ಮಾಡಿದವನ ಮನೆಯ ಬಾಗಿಲನ್ನು ತಟ್ಟಿ, ಊರಿನ ಗುಟ್ಟನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅದು. ಕುಡಿದವನು ತಪ್ಪಿತಸ್ಥನೇ ಆದರೂ ಅವನ ತಪ್ಪಿಗೆ ಕುರುಡುತನವೂ ಮರಣವೂ ಶಿಕ್ಷೆಯೆಂದು ಯಾವ ಕಾನೂನೂ ಹೇಳಿಲ್ಲ. ಅವನ ಹೊಲವನ್ನು ಉಳಬೇಕಾದವನೂ, ಅವನ ಮಕ್ಕಳನ್ನು ಸಾಕಬೇಕಾದವನೂ ಅವನೇ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗಳ ಗ್ರಾಮಮುಖ್ಯಸ್ಥರು ಈ ವಿಷಯಗಳನ್ನು ತಮ್ಮ ತಮ್ಮ ಊರುಗಳಲ್ಲಿ, ವಿಶೇಷವಾಗಿ ಜಾತ್ರೆ ಹಬ್ಬಗಳಿಗೆ ಮುಂಚೆ, ಎಲ್ಲರಿಗೂ ಓದಿ ಹೇಳುವುದು ಉಚಿತವು. ಓದಲು ಬಾರದ ಕೂಲಿಗಾರರಿಗೂ ಹೆಂಗಸರಿಗೂ ಮುಖ್ಯವಾಗಿ ತಿಳಿಸತಕ್ಕದ್ದು, ಏಕೆಂದರೆ ಮರುದಿನ ಬೆಳಿಗ್ಗೆ ರೋಗಿಯನ್ನು ಮೊದಲು ನೋಡುವವರು ಅವರೇ.